ನೆರೆ ಇಳಿದ ಮೇಲೆ

ಬ್ರಹ್ಮಾವರದ ಸೀಮೆಯು ಹೊಳೆಗಳ ನಾಡು. ತೆಂಕಣ ದಿಕ್ಕಿನಲ್ಲಿ ಸ್ವರ್ಣಾ, ಬಡಗಣ ದಿಕ್ಕಿನಲ್ಲಿ ಸೀತಾ ಎಂಬ ಎರಡು ನದಿಗಳು ಇಲ್ಲಿ ಹರಿಯುತ್ತವೆ. ಎರಡೂ ಸಹ್ಯಾದ್ರಿಯಲ್ಲಿ ಹುಟ್ಟಿ, ನೂರು ಕಿಲೋಮೀಟರಿನೊಳಗಿನ ದಾರಿಯನ್ನು ಸವೆಸಿ, ಕೋಡಿ ಬೇಂಗ್ರೆಯ ಬಳಿ ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ಅವುಗಳ ನಡುವೆ ಬೆಣ್ಣೆಕುದ್ರುವಿನಂತಹ ಕುದ್ರುಗಳುಂಟು, ಮಳೆಗಾಲದಲ್ಲಿ ಕೆರೆಯಂತೆ ಕಾಣುವ ಬೈಲುಗದ್ದೆಗಳುಂಟು. ಘಟ್ಟದಲ್ಲಿ ಬಿದ್ದ ಮಳೆಯು ಕಡಿದಾದ ಇಳಿಜಾರಿನಲ್ಲಿ ಧುಮ್ಮಿಕ್ಕಿ, ಕೆಲವೇ ಗಂಟೆಗಳಲ್ಲಿ ಸಮತಟ್ಟಾದ ಕರಾವಳಿಯನ್ನು ತಲುಪುತ್ತದೆ. ಆ ಹೊತ್ತಿಗೆ ಸಮುದ್ರದಲ್ಲಿ ಭರತವಿದ್ದರೆ ಹೊಳೆಯ ನೀರಿಗೆ ಹೊರಹೋಗಲು ದಾರಿಯಿರುವುದಿಲ್ಲ. ಮುಂದೆ ಹೋಗಲಾರದ ನೀರು ಪಕ್ಕಕ್ಕೆ ಹರಡುತ್ತದೆ. ಇದೇ ನೆರೆ.

ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಪ್ರವಾಹವೆಂಬ ಅರ್ಥದೊಂದಿಗೆ ಪಕ್ಕದ ಮನೆ, ಪಕ್ಕದವರು ಎಂಬ ಅರ್ಥವೂ ಉಂಟು. ಈ ಎರಡು ಅರ್ಥಗಳು ಒಂದನ್ನೊಂದು ಸಂಧಿಸುವ ದಿನಗಳು ಕರಾವಳಿಯಲ್ಲಿ ಆಗಾಗ ಬರುತ್ತವೆ. 2020ರ ಸೆಪ್ಟೆಂಬರ್ 20 ಅಂತಹ ಒಂದು ದಿನ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆಯನ್ನು ಕಂಡು ಬಲ್ಲ ಉಡುಪಿ ಜಿಲ್ಲೆಗೆ ಮಳೆ ಹೊಸತಲ್ಲ. ಆದರೆ ಆ ಶನಿವಾರ ರಾತ್ರಿಯಿಂದ ಭಾನುವಾರದವರೆಗೆ ಸುರಿದ ಮಳೆಯು ಹಿರಿಯರನ್ನೂ ಬೆರಗುಗೊಳಿಸಿತು. ಹಲವೆಡೆ ಒಂದೇ ದಿನದಲ್ಲಿ 300 ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದಿತು. ಮಳೆಗಾಲ ಮುಗಿಯಿತೆಂದು ಜನರು ನಿಟ್ಟುಸಿರು ಬಿಡುವ ಹೊತ್ತಿನಲ್ಲಿ ಸ್ವರ್ಣೆಯೂ ಸೀತೆಯೂ ದಡ ಮೀರಿದವು. ತೆನೆ ಕಟ್ಟುತ್ತಿದ್ದ ಬತ್ತದ ಗದ್ದೆಗಳು ಮುಳುಗಿದವು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯನ್ನು ಕರೆಸಲಾಯಿತು. ಆದರೆ ನಸುಕಿನಲ್ಲಿ ನೀರು ಅಂಗಳವನ್ನು ದಾಟಿ ಜಗಲಿಯನ್ನು ಮುಟ್ಟಿದಾಗ ಮೊದಲು ಬಂದುದು ನೆರೆಯವರ ದೋಣಿ. ಅದು ಕೋವಿಡ್ ಮಹಾಮಾರಿಯ ಕಾಲ. ಒಬ್ಬರನ್ನೊಬ್ಬರು ಮುಟ್ಟಲು ಅಂಜುತ್ತಿದ್ದ ಜನರು ಅಂದು ಕೈ ಹಿಡಿದು ಮುದುಕರನ್ನೂ ಮಕ್ಕಳನ್ನೂ ದೋಣಿಗೆ ಹತ್ತಿಸಿದರು.

ನೀರು ಏರುವಾಗ ಯಾರೂ ವಾದ ಮಾಡುವುದಿಲ್ಲ. ವಾದ ಹುಟ್ಟುವುದು ನೀರು ಇಳಿದ ಮೇಲೆ. ಕೆಸರು ತುಂಬಿದ ಅಡುಗೆಮನೆ, ಮೊಳಕೆಯೊಡೆದ ಬತ್ತದ ರಾಶಿ, ಕೊಚ್ಚಿಹೋದ ಗೊಬ್ಬರದ ಗುಂಡಿ, ಉಪ್ಪುನೀರು ಬೆರೆತ ಬಾವಿ, ಇವುಗಳ ನಡುವೆ ನಿಂತ ಮನುಷ್ಯನು ಮೂರು ಪ್ರಶ್ನೆಗಳನ್ನು ಕೇಳುತ್ತಾನೆ. ಇದು ಏಕೆ ಆಯಿತು? ನಮಗೆ ಯಾರು ನೆರವಾಗಬೇಕು? ಮತ್ತೆ ಹೀಗಾಗದಂತೆ ಏನು ಮಾಡಬೇಕು? ಯಾವ ದೇಶದಲ್ಲಾದರೂ ವಿಪತ್ತಿನ ಬಳಿಕ ನಡೆಯುವ ಚರ್ಚೆಯೆಲ್ಲವೂ ಈ ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ.

ಮೊದಲನೆಯ ಪ್ರಶ್ನೆಗೆ ಹಿಂದಿನ ಕಾಲದಲ್ಲಿ ದೊರೆಯುತ್ತಿದ್ದ ಸುಲಭವಾದ ಉತ್ತರ ‘ದೈವೇಚ್ಛೆ’ ಎಂಬುದು. 1934ರ ಜನವರಿಯಲ್ಲಿ ಬಿಹಾರದಲ್ಲಿ ಘೋರವಾದ ಭೂಕಂಪ ಸಂಭವಿಸಿದಾಗ, ಅದು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರು ವಿಧಿಸಿದ ಶಿಕ್ಷೆಯೆಂದು ಗಾಂಧೀಜಿಯವರು ಹೇಳಿದರು. ಅಸ್ಪೃಶ್ಯತೆಯನ್ನು ಅವರಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಒಪ್ಪಲಿಲ್ಲ. ಪ್ರಕೃತಿಯ ಘಟನೆಗಳಿಗೆ ಪ್ರಕೃತಿಯಲ್ಲಿಯೇ ಕಾರಣವಿರುತ್ತದೆ, ಅದನ್ನು ನೀತಿಯೊಡನೆ ಬೆರೆಸಿದರೆ ಜನರ ವಿಚಾರಶಕ್ತಿ ಕುಂದುತ್ತದೆ ಎಂಬುದು ಅವರ ವಾದ. ಗಾಂಧೀಜಿಯವರು ಈ ಟೀಕೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿ, ಅದರೊಡನೆ ತಮ್ಮ ಉತ್ತರವನ್ನೂ ಕೊಟ್ಟರು. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಇಂದಿನ ವಿದ್ಯಾರ್ಥಿಯು ಸುಲಭವಾಗಿ ಹೇಳಬಲ್ಲನು. ಆದರೆ ಎದುರಾಳಿಯ ಮಾತನ್ನು ತನ್ನ ಅಂಗಳದಲ್ಲಿಯೇ ಕೂರಿಸಿ ಕೇಳುವ ಆ ರೀತಿಯನ್ನು ಕಲಿಯುವುದು ಅಷ್ಟು ಸುಲಭವಲ್ಲ.

ಇಂದು ದೈವದ ಸ್ಥಾನದಲ್ಲಿ ಬೇರೆ ಕಾರಣಗಳು ಬಂದಿವೆ. ಹೊಳೆಯಲ್ಲಿ ಹೂಳು ತುಂಬಿರುವುದೇ ನೆರೆಗೆ ಕಾರಣವೆಂದು ಕೆಲವರು ಹೇಳಿದರೆ, ಮಿತಿಮೀರಿ ಮರಳು ತೆಗೆದುದೇ ಕಾರಣವೆಂದು ಮತ್ತೆ ಕೆಲವರು ಹೇಳುತ್ತಾರೆ. ಬೈಲುಗದ್ದೆಗಳಿಗೆ ಮಣ್ಣು ತುಂಬಿಸಿ ಮನೆ, ಅಂಗಡಿಗಳನ್ನು ಕಟ್ಟಿದುದರಿಂದ ನೀರಿಗೆ ನಿಲ್ಲಲು ಜಾಗವಿಲ್ಲವಾಯಿತು ಎನ್ನುವವರುಂಟು. ಎತ್ತರಿಸಿದ ರಸ್ತೆಗಳು ಒಡ್ಡಿನಂತೆ ನೀರನ್ನು ತಡೆಯುತ್ತವೆ, ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಸಕಾಲದಲ್ಲಿ ತೆಗೆಯುವುದಿಲ್ಲ ಎನ್ನುವವರೂ ಉಂಟು. ಇವೆಲ್ಲಕ್ಕೂ ಮಿಗಿಲಾಗಿ ಅರಬ್ಬೀ ಸಮುದ್ರವು ಬಿಸಿಯಾಗುತ್ತಿದೆಯೆಂದು ವಿಜ್ಞಾನಿಗಳು ಎಚ್ಚರಿಸಿದ್ದಾರೆ. 2021ರ ಮೇ ತಿಂಗಳ ನಡುವೆ, ಮುಂಗಾರು ಇನ್ನೂ ಕಾಲಿಡದಿದ್ದಾಗ, ತೌಕ್ತೆ ಚಂಡಮಾರುತವು ಈ ಕರಾವಳಿಯ ಹೊರಗಿನಿಂದ ಹಾದುಹೋಗಿ ಗುಜರಾತಿಗೆ ಅಪ್ಪಳಿಸಿತು. ಅದು ಹಾದುಹೋದ ರಭಸಕ್ಕೇ ಉಡುಪಿ ಜಿಲ್ಲೆಯ ತೀರದ ಉದ್ದಕ್ಕೂ ಕಡಲು ಮನೆಯಂಗಳಗಳವರೆಗೆ ನುಗ್ಗಿತು. ಈ ಕಾರಣಗಳಲ್ಲಿ ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕೆಂಬ ನಿಯಮವಿಲ್ಲ. ಒಂದೇ ನೆರೆಗೆ ಹಲವು ಕಾರಣಗಳಿರಬಹುದು. ಯಾವುದರ ಪಾಲು ಎಷ್ಟು ಎಂಬುದನ್ನು ಅಳೆದು ತಿಳಿಯಬೇಕೇ ಹೊರತು, ಯಾರ ಕೂಗು ದೊಡ್ಡದೆಂಬುದರಿಂದ ತೀರ್ಮಾನಿಸಲಾಗದು.

ಎರಡನೆಯ ಪ್ರಶ್ನೆ ನೆರವಿನದು. ಸಂಕಟಕ್ಕೆ ಸಿಕ್ಕಿದ ಪ್ರಜೆಯನ್ನು ಕಾಪಾಡುವುದು ಆಳುವವರ ಧರ್ಮವೆಂಬ ಭಾವನೆ ನಮ್ಮಲ್ಲಿ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಆ ಗ್ರಂಥವು ಜಲಪ್ರವಾಹವನ್ನು ನಾಡಿನ ಮಹಾಭಯಗಳಲ್ಲಿ ಒಂದಾಗಿ ಎಣಿಸುತ್ತದೆ. ಮಳೆಗಾಲದಲ್ಲಿ ಹೊಳೆಯಂಚಿನ ಜನರು ಎತ್ತರದ ನೆಲಕ್ಕೆ ಹೋಗಬೇಕು. ಮರದ ಹಲಗೆ, ಬಿದಿರು, ದೋಣಿಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ಕೊಚ್ಚಿಹೋಗುವವರನ್ನು ಕಂಡೂ ದೋಣಿಯಿದ್ದವನು ರಕ್ಷಣೆಗೆ ಧಾವಿಸದಿದ್ದರೆ ಅವನಿಗೆ ಹನ್ನೆರಡು ಪಣಗಳ ದಂಡ ಎಂದು ಅದು ವಿಧಿಸುತ್ತದೆ. ದೋಣಿ ಇಲ್ಲದವನಿಗೆ ಈ ದಂಡವಿಲ್ಲ. ಯಾರ ಕೈಯಲ್ಲಿ ಸಾಧನವಿದೆಯೋ ಅವರ ಮೇಲೆ ಹೊಣೆಯೂ ಇದೆ ಎಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿದೆ.

ಇಂದಿನ ಪ್ರಜಾಪ್ರಭುತ್ವದಲ್ಲಿ ಅತಿ ದೊಡ್ಡ ದೋಣಿಯು ಸರ್ಕಾರದ ಕೈಯಲ್ಲಿದೆ. 2005ರಲ್ಲಿ ಸಂಸತ್ತು ವಿಪತ್ತು ನಿರ್ವಹಣಾ ಕಾಯಿದೆಯನ್ನು ಅಂಗೀಕರಿಸಿತು. ಅದರಂತೆ ಪ್ರತಿಯೊಂದು ರಾಜ್ಯಕ್ಕೂ ಒಂದು ವಿಪತ್ತು ಸ್ಪಂದನಾ ನಿಧಿ, ಇಡೀ ದೇಶಕ್ಕೆ ರಾಷ್ಟ್ರೀಯ ನಿಧಿ ಎಂಬ ಏರ್ಪಾಡಾಯಿತು. ಕರ್ನಾಟಕದಂತಹ ರಾಜ್ಯಗಳ ನಿಧಿಗೆ ಕೇಂದ್ರವು ನೂರಕ್ಕೆ 75 ಪಾಲನ್ನೂ ರಾಜ್ಯವು 25 ಪಾಲನ್ನೂ ಹಾಕುತ್ತವೆ. ವಿಪತ್ತು ಅತಿಯಾಗಿ, ಈ ಹಣ ಸಾಲದೆ ಹೋದರೆ ರಾಜ್ಯವು ಕೇಂದ್ರಕ್ಕೆ ಮನವಿ ಸಲ್ಲಿಸುತ್ತದೆ. ಕೇಂದ್ರದ ತಂಡವು ಬಂದು ನೋಡಿ ವರದಿ ಕೊಡುತ್ತದೆ. ಆ ಬಳಿಕ ರಾಷ್ಟ್ರೀಯ ನಿಧಿಯಿಂದ ನೆರವು ಬರುತ್ತದೆ. ಈ ಹಣವು ತೆರಿಗೆಯ ಮೂಲಕ ಜನರಿಂದಲೇ ಸಂಗ್ರಹವಾದುದು. ಆದುದರಿಂದ ಪರಿಹಾರವು ಯಾರೋ ದೊಡ್ಡವರು ಕರುಣೆಯಿಂದ ನೀಡುವ ಭಿಕ್ಷೆಯಲ್ಲ. ಕಷ್ಟ ಬಂದವನಿಗೆ ಎಲ್ಲರೂ ಸೇರಿ ತೆಗೆದಿರಿಸಿದ ಬುತ್ತಿ ಅದು. ಭಿಕ್ಷೆಯನ್ನು ಪಡೆಯುವವನು ತಲೆ ತಗ್ಗಿಸುತ್ತಾನೆ. ತನ್ನ ಪಾಲಿನ ಬುತ್ತಿಯನ್ನು ಕೇಳುವವನು ತಲೆಯೆತ್ತಿ ಲೆಕ್ಕವನ್ನೂ ಕೇಳಬಹುದು.

ಲೆಕ್ಕ ಕೇಳುವವನಿಗೆ ಲೆಕ್ಕ ತಿಳಿದಿರಬೇಕು. ಪರಿಹಾರದ ಚರ್ಚೆಯಲ್ಲಿ ಮೂರು ಬೇರೆ ಬೇರೆ ಮೊತ್ತಗಳು ಒಂದರೊಡನೊಂದು ಕಲಸಿಹೋಗುವುದುಂಟು. ಒಟ್ಟು ಆದ ನಷ್ಟ ಒಂದು. ನಿಯಮದಂತೆ ದೊರೆಯಬೇಕಾದ ಪರಿಹಾರ ಇನ್ನೊಂದು. ವಾಸ್ತವವಾಗಿ ಕೈಸೇರಿದ ಹಣ ಮತ್ತೊಂದು. 2022ರಲ್ಲಿ ಕೇಂದ್ರವು ಹೊರಡಿಸಿದ ನಿಯಮಗಳಲ್ಲಿ ಮಳೆಯಾಶ್ರಿತ ಬೆಳೆಯ ನಷ್ಟಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000 ರೂಪಾಯಿ ಎಂದು ಗೊತ್ತುಪಡಿಸಲಾಗಿತ್ತು; ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಮೊದಲನೆಯ ದರವು ಎಕರೆಗೆ ಸುಮಾರು 3,400 ರೂಪಾಯಿಯಾಗುತ್ತದೆ. ಉಳುಮೆ, ನಾಟಿ, ಗೊಬ್ಬರಗಳಿಗೆ ತಾನು ಸುರಿದ ಹಣವನ್ನು ಬಲ್ಲ ರೈತನು ಇದನ್ನು ಕಂಡು ನಿಟ್ಟುಸಿರಿಡುತ್ತಾನೆ. ಪರಿಹಾರವೆಂಬುದು ನಷ್ಟವನ್ನು ತುಂಬಿಕೊಡುವುದಕ್ಕಾಗಿ ಅಲ್ಲ, ಬಿದ್ದವನು ಎದ್ದು ನಿಲ್ಲಲು ಊರುಗೋಲಾಗಿ ಮಾತ್ರ ಎಂಬುದು ನಿಯಮ ಮಾಡಿದವರ ವಿವರಣೆ. ಊರುಗೋಲು ಎಷ್ಟು ಉದ್ದವಿರಬೇಕೆಂಬುದೇ ನ್ಯಾಯವಾದ ಚರ್ಚೆಯ ವಿಷಯ.

2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಉತ್ತರ ಕರ್ನಾಟಕವನ್ನು ಮುಳುಗಿಸಿದಾಗ, ಘಟ್ಟದ ಜಿಲ್ಲೆಗಳಲ್ಲಿ ಗುಡ್ಡಗಳು ಕುಸಿದಾಗ, ಈ ಚರ್ಚೆ ಕಾವೇರಿತು. ಆ ವೇಳೆ ರಾಜ್ಯದಲ್ಲಿ ಮುಖ್ಯಮಂತ್ರಿಗಳ ಹೊರತು ಬೇರೆ ಸಚಿವರೇ ಇರಲಿಲ್ಲ. ಸಂಪುಟ ರಚನೆಯಾದುದು ಆಗಸ್ಟ್ 20ರಂದು. ನಷ್ಟವು 35,000 ಕೋಟಿ ರೂಪಾಯಿಗಳಿಗೂ ಮಿಗಿಲೆಂದು ರಾಜ್ಯವು ಅಂದಾಜು ಮಾಡಿತು. ಕೇಂದ್ರದಿಂದ 1,200 ಕೋಟಿ ರೂಪಾಯಿಗಳ ಮಧ್ಯಂತರ ನೆರವು ಬಿಡುಗಡೆಯಾದುದು ಅಕ್ಟೋಬರಿನಲ್ಲಿ. ಈ ವಿಳಂಬವನ್ನು ವಿರೋಧ ಪಕ್ಷಗಳು ಮಾತ್ರವಲ್ಲದೆ ಆಳುವ ಪಕ್ಷದ ಬೆಂಬಲಿಗರಲ್ಲಿಯೂ ಹಲವರು ಬಹಿರಂಗವಾಗಿ ಟೀಕಿಸಿದರು. ಇತ್ತ ರಾಜ್ಯವು ತುರ್ತು ನೆರವಿನ ದರವನ್ನು ಕುಟುಂಬಕ್ಕೆ 3,800 ರೂಪಾಯಿಯಿಂದ 10,000 ರೂಪಾಯಿಗೆ ಏರಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನು ಘೋಷಿಸಿತು. ಜನರು ಮಾತನಾಡದೆ ಇದ್ದಿದ್ದರೆ ಈ ಬದಲಾವಣೆಗಳು ಅಷ್ಟು ಬೇಗ ಆಗುತ್ತಿದ್ದವೆಂದು ಹೇಳುವುದು ಕಷ್ಟ.

2023ರಲ್ಲಿ ವಿಪತ್ತು ಬೇರೆ ರೂಪದಲ್ಲಿ ಬಂದಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 18,171 ಕೋಟಿ ರೂಪಾಯಿಗಳ ನೆರವನ್ನು ಕೋರಿದ್ದ ರಾಜ್ಯವು, ಹಣ ಬಾರದಿದ್ದಾಗ 2024ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. 2019ರಲ್ಲಿ ಬೆಂಗಳೂರಿನಲ್ಲಿಯೂ ದೆಹಲಿಯಲ್ಲಿಯೂ ಒಂದೇ ಪಕ್ಷದ ಆಡಳಿತವಿತ್ತು. 2024ರಲ್ಲಿ ಎರಡು ಬೇರೆ ಪಕ್ಷಗಳು ಆಳುತ್ತಿದ್ದವು. ಆದರೂ ಎರಡು ಸಲವೂ ನೆರವಿನ ಮೊತ್ತ ಮತ್ತು ವಿಳಂಬವೇ ವಾದದ ವಿಷಯಗಳಾದವು. ವಿರೋಧದಲ್ಲಿದ್ದಾಗ ‘ಮಲತಾಯಿ ಧೋರಣೆ’ ಎಂದು ಕೂಗಿದವರೇ ಅಧಿಕಾರದಲ್ಲಿದ್ದಾಗ ‘ನಿಯಮದಂತೆ ನಡೆಯುತ್ತಿದೆ’ ಎನ್ನುವುದನ್ನು ಜನರು ಮತ್ತೆ ಮತ್ತೆ ಕಂಡಿದ್ದಾರೆ. ಪಕ್ಷ ಯಾವುದೇ ಇರಲಿ, ಅದೇ ಪ್ರಶ್ನೆ ಉಳಿಯುತ್ತದೆಯೆಂದರೆ ದೋಷವನ್ನು ವ್ಯಕ್ತಿಗಳಲ್ಲಿ ಮಾತ್ರವೇ ಹುಡುಕದೆ ನಿಯಮಗಳಲ್ಲಿಯೂ ಹುಡುಕಬೇಕೆಂದು ಅರ್ಥ.

ನಿಯಮದ ಒಂದು ಅಕ್ಷರವು ಎಷ್ಟು ಮುಖ್ಯವೆಂಬುದಕ್ಕೆ ಕರಾವಳಿಯಲ್ಲಿಯೇ ನಿದರ್ಶನವಿದೆ. ಕೇಂದ್ರದ ನಿಯಮಗಳು ಚಂಡಮಾರುತ, ಬರ, ನೆರೆ, ಭೂಕಂಪ, ಸುನಾಮಿ ಮೊದಲಾದ ಹನ್ನೆರಡು ವಿಪತ್ತುಗಳನ್ನು ಹೆಸರಿಸಿದವು. ಆ ಪಟ್ಟಿಯಲ್ಲಿ ಕಡಲ್ಕೊರೆತವಿರಲಿಲ್ಲ. ಮರವಂತೆಯ ತೀರದಲ್ಲಿ ವರ್ಷ ವರ್ಷವೂ ತೆಂಗಿನಮರಗಳನ್ನು ನುಂಗುವ ಕಡಲು ಮೀನುಗಾರನ ಕಣ್ಣಿಗೆ ವಿಪತ್ತೇ. ಆದರೆ ಕಾಗದದ ಮೇಲೆ ಹೆಸರಿಲ್ಲದ ವಿಪತ್ತಿಗೆ ಹಣವೂ ಸುಲಭವಾಗಿ ಬಾರದು. ಈ ಕೊರತೆಯ ಬಗೆಗೆ ಕರಾವಳಿಯ ರಾಜ್ಯಗಳು ದನಿಯೆತ್ತಿದವು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ತನ್ನ ಶಿಫಾರಸಿನಲ್ಲಿ ಕೊರೆತವನ್ನು ತಡೆಯುವುದಕ್ಕೂ, ಅದರಿಂದ ನೆಲೆ ಕಳೆದುಕೊಂಡವರಿಗೆ ಪುನರ್ವಸತಿ ಕಲ್ಪಿಸುವುದಕ್ಕೂ ಪ್ರತ್ಯೇಕವಾಗಿ ಹಣವನ್ನು ಸೂಚಿಸಿತು.

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ಮಂಜೂರಾದ ಹಣವು ಮನೆ ಬಾಗಿಲನ್ನು ಮುಟ್ಟುವ ದಾರಿ ಉದ್ದವಾದುದು. ಗ್ರಾಮದ ಅಧಿಕಾರಿಯು ಸ್ಥಳಕ್ಕೆ ಬಂದು ಮಹಜರು ಮಾಡಬೇಕು, ಪಹಣಿ ನೋಡಬೇಕು, ತಹಶೀಲ್ದಾರರ ಕಚೇರಿಗೆ ವರದಿ ಕಳುಹಿಸಬೇಕು. ಗದ್ದೆಯು ಯಾರ ಹೆಸರಿನಲ್ಲಿದೆಯೋ ಅವರಿಗೆ ಬೆಳೆಯ ಪರಿಹಾರ ದೊರೆಯುತ್ತದೆ. ಮುಂಬಯಿಯಲ್ಲಿ ನೆಲೆಸಿದ ಒಡೆಯನ ಗದ್ದೆಯನ್ನು ಬಾಯಿಮಾತಿನ ಮೇಲೆ ಗೇಯುವವನಿಗೆ, ಪಾಲು ಆಗದ ಕುಟುಂಬದ ಭೂಮಿಯಲ್ಲಿ ದುಡಿಯುವ ವಿಧವೆಗೆ, ಹೊಳೆಯಲ್ಲಿ ಮರುವಾಯಿ ಹೆಕ್ಕಿ ಬದುಕುವ ಹೆಣ್ಣುಮಗಳಿಗೆ ಪಹಣಿಯಲ್ಲಿ ಹೆಸರಿಲ್ಲ. ಜೋರಾಗಿ ಮಾತನಾಡಬಲ್ಲವರ ನಷ್ಟವು ಪತ್ರಿಕೆಯಲ್ಲಿ ಬರುತ್ತದೆ. ಇಂತಹವರ ನಷ್ಟವು ಯಾವ ಲೆಕ್ಕಕ್ಕೂ ಬಾರದೆ ಹೊಳೆಯೊಡನೆ ಹರಿದುಹೋಗುತ್ತದೆ. ಪರಿಹಾರದ ಚರ್ಚೆಯು ನ್ಯಾಯವಾದುದೋ ಅಲ್ಲವೋ ಎಂಬುದನ್ನು ತಿಳಿಯಲು ಒಂದು ಒರೆಗಲ್ಲುಂಟು. ಅಲ್ಲಿ ಇಲ್ಲದವರ ಪರವಾಗಿ ಯಾರಾದರೂ ಮಾತನಾಡಿದರೆ? ಎಂದು ಕೇಳಬೇಕು.

ಸರ್ಕಾರವು ಜನರ ದನಿಯನ್ನು ಕೇಳದೆ ಹೋದರೆ ಏನಾಗುತ್ತದೆಂಬುದಕ್ಕೆ ಇತಿಹಾಸವು ಉತ್ತರ ಕೊಟ್ಟಿದೆ. 1970ರ ನವೆಂಬರಿನಲ್ಲಿ ಅಂದಿನ ಪೂರ್ವ ಪಾಕಿಸ್ತಾನಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ ಮೂರು ಲಕ್ಷಕ್ಕೂ ಅಧಿಕ ಜನರು ಸತ್ತರು. ದೂರದ ಪಶ್ಚಿಮದಲ್ಲಿದ್ದ ಆಡಳಿತವು ನೆರವನ್ನು ಕಳುಹಿಸುವುದರಲ್ಲಿ ತೋರಿದ ಉದಾಸೀನವು ಜನರನ್ನು ಕೆರಳಿಸಿತು. ಮರುತಿಂಗಳ ಚುನಾವಣೆಯಲ್ಲಿ ಆ ಕೋಪ ವ್ಯಕ್ತವಾಯಿತು; ಮುಂದಿನ ವರ್ಷ ಬಾಂಗ್ಲಾದೇಶವೇ ಹುಟ್ಟಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಆ ಚಂಡಮಾರುತವನ್ನು ಬಿಟ್ಟು ಅಲ್ಲಿನ ಕತೆಯನ್ನು ಹೇಳಲಾಗದು.

ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟುವ ಚಂಡಮಾರುತಕ್ಕೆ ‘ಹರಿಕೇನ್’ ಎಂದು ಹೆಸರು. 2005ರ ಆಗಸ್ಟ್ 29ರಂದು ‘ಕತ್ರೀನಾ’ ಎಂಬ ಹರಿಕೇನ್ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದತ್ತ ಬಂದಾಗ ಅಲ್ಲಿನ ಒಡ್ಡುಗಳು ಒಡೆದು, ನಗರದ ನೂರಕ್ಕೆ 80 ಭಾಗವು ಮುಳುಗಿತು. ಪ್ರಪಂಚದಲ್ಲೇ ಸಿರಿವಂತವಾದ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನರು ಸತ್ತರು. ವಾಹನವಿಲ್ಲದ ಬಡವರು ಊರು ಬಿಡಲಾರದೆ ಉಳಿದಿದ್ದರು. ಅವರಲ್ಲಿ ಬಹುಮಂದಿ ಕರಿಯ ಜನರು. ದೇಶವೆಲ್ಲ ಪ್ರಶ್ನಿಸಿತು. ಪರಿಹಾರ ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ಕೊಡಬೇಕಾಯಿತು. ಒಡ್ಡುಗಳ ವಿನ್ಯಾಸದಲ್ಲಿಯೇ ದೋಷವಿತ್ತೆಂದು ಅವುಗಳನ್ನು ಕಟ್ಟಿದ ಸೇನಾ ಎಂಜಿನಿಯರುಗಳ ವಿಭಾಗವು ಮರುವರ್ಷ ಒಪ್ಪಿಕೊಂಡಿತು. ಆ ಚರ್ಚೆಯಿಂದ ಒಂದು ಸಣ್ಣ ಸತ್ಯವೂ ಹೊರಬಿದ್ದಿತು. ಹಲವರು ಮನೆ ಬಿಡದಿದ್ದುದು ತಮ್ಮ ನಾಯಿ, ಬೆಕ್ಕುಗಳನ್ನು ಬಿಟ್ಟು ಬರಲಾರದೆ. ಆದುದರಿಂದ 2006ರಲ್ಲಿ ಸಾಕುಪ್ರಾಣಿಗಳನ್ನೂ ಸ್ಥಳಾಂತರಿಸಲು ಯೋಜನೆಯಿರಬೇಕೆಂದು ಅಲ್ಲಿ ಕಾನೂನಾಯಿತು. ಹಟ್ಟಿಯಲ್ಲಿ ಕಟ್ಟಿದ ಹಸುವನ್ನು ಬಿಟ್ಟು ದೋಣಿ ಹತ್ತಲು ಒಪ್ಪದ ನಮ್ಮ ಹೊಳೆಯಂಚಿನ ಅಜ್ಜಿಯರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಚರ್ಚೆಯು ಕೆಲಸವಾಗಿ ಮಾರ್ಪಟ್ಟುದಕ್ಕೆ ನಮ್ಮ ದೇಶದಲ್ಲಿಯೇ ಉಜ್ವಲವಾದ ಉದಾಹರಣೆಯುಂಟು. 1999ರ ಅಕ್ಟೋಬರಿನಲ್ಲಿ ಒಡಿಶಾದ ಮೇಲೆರಗಿದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಮಂದಿ ಅಸುನೀಗಿದರು. ಆ ರಾಜ್ಯವು ಕಠೋರವಾದ ಟೀಕೆಗೆ ಗುರಿಯಾಯಿತು. ಆದರೆ ಅದು ಟೀಕೆಯನ್ನು ಮರೆಯಲಿಲ್ಲ. ವಿಪತ್ತು ನಿರ್ವಹಣೆಗಾಗಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿತು; ತೀರದುದ್ದಕ್ಕೂ ಆಶ್ರಯ ಕಟ್ಟಡಗಳನ್ನು ಕಟ್ಟಿಸಿತು; ಹಳ್ಳಿಯ ತರುಣರಿಗೆ ತರಬೇತಿ ಕೊಟ್ಟಿತು. 2013ರಲ್ಲಿ ‘ಫೈಲಿನ್’ ಚಂಡಮಾರುತ ಬರುವ ಮುನ್ನ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಸತ್ತವರ ಸಂಖ್ಯೆಯು ಸಾವಿರಗಳಿಂದ ಹತ್ತುಗಳಿಗೆ ಇಳಿಯಿತು. ಜನರ ಸಿದ್ಧತೆ ಹೆಚ್ಚಿತ್ತು.

ಮೂರನೆಯ ಪ್ರಶ್ನೆಗೆ, ಅಂದರೆ ಮುಂದೇನು ಎಂಬುದಕ್ಕೆ, ಉತ್ತರವಿರುವುದು ಇಂತಹ ಸಿದ್ಧತೆಯಲ್ಲಿಯೇ. ಸಿದ್ಧತೆಯೆಂದರೆ ಅನುಭವಿಸಿದವರನ್ನು ಕೇಳಿ ಮಾಡಿದ ಸಿದ್ಧತೆ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಸಾವಿರಾರು ಮನೆಗಳನ್ನು ಎತ್ತರದ ನೆಲದಲ್ಲಿ ಕಟ್ಟಲಾಯಿತು. ಹೊಲ ದೂರವಾಯಿತೆಂದೂ ದನ ಕಟ್ಟಲು ಜಾಗವಿಲ್ಲವೆಂದೂ ಹಲವರು ಅಲ್ಲಿಗೆ ಹೋಗದೆ ಹಳೆಯ ಊರಿನಲ್ಲಿಯೇ ಉಳಿದರು; 2019ರಲ್ಲಿ ನೀರು ಮತ್ತೆ ಬಂದಿತು. ಇದಕ್ಕೆ ಪ್ರತಿಯಾಗಿ, ಸದ್ದಿಲ್ಲದೆ ನಡೆದ ಒಂದು ಕೆಲಸವನ್ನು ಬ್ರಹ್ಮಾವರದಲ್ಲಿಯೇ ಕಾಣಬಹುದು. ಇಲ್ಲಿನ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪಕ್ಕಿಯ ಬತ್ತದ ತಳಿಯನ್ನು ರೂಪಿಸಿದರು. ತಗ್ಗಿನ ಬೈಲುಗದ್ದೆಗಳಿಗಾಗಿ ಸಿದ್ಧವಾದ ಈ ತಳಿಯು ನೆರೆಯ ನೀರಿನಡಿ ಕೆಲವು ದಿನ ನಿಂತರೂ ತಾಳಿಕೊಳ್ಳಬಲ್ಲುದು. ನಮ್ಮ ಗದ್ದೆಯಲ್ಲಿ ನೀರು ನಿಲ್ಲುತ್ತದೆ ಎಂಬ ರೈತನ ದೂರನ್ನು ಯಾರೋ ಕಿವಿಗೊಟ್ಟು ಕೇಳಿದುದರ ಫಲವಿದು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವವರ ನಡುವೆ ಇಂತಹವರೂ ಇದ್ದಾರೆ.

ನೆರೆಯನ್ನು ಪೂರ್ತಿಯಾಗಿ ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಆದರೆ ನೆರೆಯು ದುರಂತವಾಗುವುದೋ ಬಿಡುವುದೋ ಎಂಬುದು ಬಹುಮಟ್ಟಿಗೆ ಅವನ ಕೈಯಲ್ಲಿದೆ. ಜನರ ಕೋಪ ತಪ್ಪಲ್ಲ. ರಾಜಕೀಯ ಚರ್ಚೆಯೂ ತಪ್ಪಲ್ಲ. ಕೆಸರು ಒಣಗುವ ಮೊದಲೇ ಆ ಕೋಪ ಆರಿಹೋಗುವುದು, ಲೆಕ್ಕವಿಲ್ಲದ ಆರೋಪವಾಗಿ ಉಳಿಯುವುದು ತಪ್ಪು. ಹೊಳೆಯಂಚಿನ ಹಳೆಯ ಮನೆಗಳ ಗೋಡೆಯ ಮೇಲೆ ನೀರು ಏರಿದ ಗುರುತು ಕಾಣುತ್ತದೆ. ಸುಣ್ಣ ಬಳಿದು ಅದನ್ನು ಅಳಿಸಿಬಿಡುವುದು ಸುಲಭ. ಆ ಗೆರೆಯನ್ನು ಅಳೆದು, ವರ್ಷವನ್ನು ಅದರ ಪಕ್ಕದಲ್ಲಿ ಬರೆದಿಟ್ಟವನು ಮುಂದಿನ ಮನೆಯ ಪಂಚಾಂಗವನ್ನು ಅದಕ್ಕಿಂತ ಮೇಲೆ ಕಟ್ಟುತ್ತಾನೆ.